ಹಿಮದ ಮೇಲೆ ಒಂದು ರಾತ್ರಿ: ಡಾಕ್ಟರ್ ಗ್ರೆನ್‌ಫೆಲ್‌ರವರ ಚರಿತ್ರೆ

ಉತ್ತರ ಅಮೇರಿಕದ ಪೂರ್ವ ಕರಾವಳಿಯಲ್ಲಿ ನ್ಯೂಫೌಂಡ್‌ಲ್ಯಾಂಡ್, ಲ್ಯಾಬ್ರಡಾರ್ ಎಂಬ ಎರಡು ಸೀಮೆಗಳುಂಟು. ಚಳಿಗಾಲದಲ್ಲಿ ಅಲ್ಲಿನ ಕಡಲೇ ಹೆಪ್ಪುಗಟ್ಟಿ ಬಂಡೆಯಂತಾಗುವದು. ಆ ತೀರದ ಬಡ ಬೆಸ್ತರ ಸೇವೆಯಲ್ಲಿ ತಮ್ಮ ಆಯುಷ್ಯವನ್ನು ಸವೆಯಿಸಿದ ವೈದ್ಯರಾದ ವಿಲ್ಫ್ರೆಡ್ ಗ್ರೆನ್‌ಫೆಲ್‌ರವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ. ನಮ್ಮ ಸಭೆಗಳಲ್ಲಿ ಹಿಮವನ್ನು ಕಂಡವರು ಕೊಂಚ. ಆದರೂ ಕನ್ನಡ ನಾಡಿನ ಹಳ್ಳಿಗಳಿಂದ ಸೈನ್ಯಕ್ಕೆ ಸೇರಿದ ಮಕ್ಕಳು ಲಡಾಖಿನಲ್ಲಿಯೂ ಸಿಯಾಚಿನ್ ಹಿಮನದಿಯ ಮೇಲೆಯೂ ಕಾವಲು ನಿಲ್ಲುತ್ತಾರಾದ್ದರಿಂದ, ಇದು ನಮಗೆ ಕೇವಲ ದೂರದ ಕಥೆಯಲ್ಲ.

ಇವರು 1865ರಲ್ಲಿ ಇಂಗ್ಲೆಂಡಿನ ಪಾರ್ಕ್‌ಗೇಟ್ ಎಂಬ ಊರಲ್ಲಿ ಹುಟ್ಟಿದರು. ಲಂಡನಿನಲ್ಲಿ ವೈದ್ಯವನ್ನು ಕಲಿಯುತ್ತಿದ್ದಾಗ, ಮೂಡಿ ಎಂಬ ಸುವಾರ್ತಿಕರ ಪ್ರಸಂಗವನ್ನು ಕೇಳಿ ಕರ್ತನಿಗೆ ತಮ್ಮನ್ನು ಒಪ್ಪಿಸಿಕೊಟ್ಟರು. ಬಳಿಕ ಕಡಲ ಬೆಸ್ತರ ಮಿಶನನ್ನು ಸೇರಿ, 1892ರಲ್ಲಿ ಲ್ಯಾಬ್ರಡಾರಿಗೆ ಹೋದರು. ಅಲ್ಲಿಯ ಜನರ ದುರವಸ್ಥೆಯನ್ನು ಕಂಡು ಮನಮರುಗಿ, ಮರುವರುಷವೇ ಬ್ಯಾಟಲ್ ಹಾರ್ಬರ್ ಎಂಬಲ್ಲಿ ಆಸ್ಪತ್ರೆಯನ್ನು ತೆರೆದರು.

1908ನೆಯ ಏಪ್ರಿಲ್ ತಿಂಗಳ ಈಸ್ಟರ್ ಆದಿತ್ಯವಾರದಲ್ಲಿ, ಸುಮಾರು ಅರುವತ್ತು ಮೈಲು ದೂರದ ಒಬ್ಬ ಹುಡುಗನು ಎಲುಬಿನ ರೋಗದಿಂದ ಸಾಯುವ ಸ್ಥಿತಿಯಲ್ಲಿದ್ದಾನೆಂಬ ಸುದ್ದಿ ಬಂತು. ಇವರು ನಾಯಿಗಳು ಎಳೆಯುವ ಬಂಡಿಯಲ್ಲಿ ಒಡನೆ ಹೊರಟರು. ಮಾರನೆಯ ದಿನ ಹೆಪ್ಪುಗಟ್ಟಿದ ಕೊಲ್ಲಿಯನ್ನು ದಾಟುತ್ತಿರಲು, ಗಾಳಿ ತಿರುಗಿ ಹಿಮವು ಒಡೆದು, ಇವರು ನಾಯಿಗಳೊಡನೆ ನೀರಿಗೆ ಬಿದ್ದರು. ಅಂಗಿ, ಟೊಪ್ಪಿಗೆ, ಕೈಗವಸುಗಳೆಲ್ಲಾ ಹೋದವು. ಹೇಗೋ ಒಂದು ಸಣ್ಣ ಹಿಮದ ಹಾಸನ್ನು ಹತ್ತಿದರು. ಅದು ಕಡಲಿನ ಕಡೆಗೆ ತೇಲುತ್ತಿತ್ತು. ಬೇರೆ ದಾರಿ ಕಾಣದೆ, ತಾವು ಪ್ರೀತಿಸುತ್ತಿದ್ದ ಮೂರು ನಾಯಿಗಳನ್ನು ಕೊಂದು, ಅವುಗಳ ತೊಗಲನ್ನು ಹೊದ್ದುಕೊಂಡು, ಉಳಿದ ನಾಯಿಗಳಲ್ಲಿ ಒಂದರ ಮೈಗೆ ಒತ್ತಿಕೊಂಡು ರಾತ್ರಿಯನ್ನು ಕಳೆದರು. ಬೆಳಿಗ್ಗೆ ಬೆಸ್ತರು ಪ್ರಾಣದಾಸೆಯನ್ನು ಬಿಟ್ಟು ದೋಣಿಯಲ್ಲಿ ಬಂದು ಇವರನ್ನು ಎತ್ತಿಕೊಂಡರು. ಪಾದಗಳು ಹಿಮಕಡಿತಕ್ಕೆ ಒಳಗಾಗಿ ನಡೆಯಲಾರದ್ದರಿಂದ, ಇವರನ್ನು ಬಂಡಿಯಲ್ಲಿ ಮಲಗಿಸಿ ಊರಿಗೆ ಎಳೆದುಕೊಂಡು ಹೋಗಬೇಕಾಯಿತು. ಆ ಹುಡುಗನನ್ನೂ ಬಳಿಕ ಆಸ್ಪತ್ರೆಗೆ ತರಲು, ಅವನು ಚಿಕಿತ್ಸೆ ಹೊಂದಿ ಚೇತರಿಸಿಕೊಂಡನು.

ಹಿಮಕಡಿತವೆಂಬದು ಮೈಯೊಳಗಣ ನೀರು ಹೆಪ್ಪುಗಟ್ಟಿ, ರಕ್ತದ ಓಟವು ನಿಂತು ಮಾಂಸವು ಕೆಡುವದಾಗಿದೆ. ಬೆರಳು, ಕಿವಿ, ಮೂಗುಗಳಿಗೆ ಮೊದಲು ತಗಲುವದು. ಆರಂಭದಲ್ಲಿ ಚುಚ್ಚಿದಂತಾಗಿ, ಚರ್ಮವು ಬಿಳುಪಾಗಿ ಅಥವಾ ಬೂದಿಬಣ್ಣವಾಗಿ ಮರಗಟ್ಟುವದು. ಆಗಲೇ ಬೆಚ್ಚಗಾದರೆ ಕೇಡಿಲ್ಲ. ಎರಡನೆಯ ಹಂತದಲ್ಲಿ ಚರ್ಮವು ಮೇಣದಂತೆ ಗಟ್ಟಿಯಾಗಿ, ಕಾವು ಬಂದ ಮೇಲೆ ತಿಳಿನೀರಿನ ಗುಳ್ಳೆಗಳು ಏಳುವವು. ಮೂರನೆಯದರಲ್ಲಿ ಗುಳ್ಳೆಗಳೊಳಗೆ ರಕ್ತವಿರುವದು. ನಾಲ್ಕನೆಯದು ಎಲುಬಿನ ವರೆಗೂ ಇಳಿದು, ಆ ಭಾಗವು ಕಪ್ಪಾಗಿ ಒಣಗುವದು. ಭಯಂಕರವಾದ ಸಂಗತಿಯೇನಂದರೆ, ಕೇಡು ಆಳಕ್ಕೆ ಇಳಿದ ಹಾಗೆ ನೋವು ಇಲ್ಲದೆ ಹೋಗುವದು.

ನೆಪೋಲಿಯನನ ಸೈನ್ಯದ ವೈದ್ಯರಾದ ಲಾರೇ ಎಂಬವರು ಹೆಪ್ಪುಗಟ್ಟಿದ ಅಂಗವನ್ನು ಹಿಮದಿಂದ ಉಜ್ಜಬೇಕೆಂದು ಕಲಿಸಿದರು. ನೂರಕ್ಕೂ ಹೆಚ್ಚು ವರುಷ ಜನರು ಹಾಗೆಯೇ ಮಾಡುತ್ತಿದ್ದರು. ಅದು ತಪ್ಪೆಂದು ಈಗ ತಿಳಿದಿದೆ. ಉಜ್ಜಬಾರದು, ಬೆಂಕಿಗೂ ಹಿಡಿಯಬಾರದು. ಯಾಕಂದರೆ ಮರಗಟ್ಟಿದ ಮೈಗೆ ಸುಟ್ಟದ್ದು ತಿಳಿಯದು. ಮೊದಲು ರೋಗಿಯನ್ನು ಗಾಳಿಯಿಲ್ಲದ ಸ್ಥಳಕ್ಕೆ ತಂದು, ಒದ್ದೆ ಬಟ್ಟೆಯನ್ನೂ ಉಂಗುರವನ್ನೂ ತೆಗೆದು, ಮೈಯನ್ನೆಲ್ಲಾ ಬೆಚ್ಚಗೆ ಮಾಡಬೇಕು. ಬಳಿಕ ಅಂಗವನ್ನು 37ರಿಂದ 39 ಡಿಗ್ರಿ ಸೆಲ್ಸಿಯಸ್ ಕಾವಿನ ನೀರಲ್ಲಿ, ಮೆತ್ತಗಾಗಿ ಕೆಂಪೇರುವ ತನಕ, ಸುಮಾರು ಅರ್ಧ ತಾಸು ಇಡಬೇಕು. ಆದರೆ ಅದು ಮತ್ತೆ ಹೆಪ್ಪುಗಟ್ಟುವ ಭಯವಿದ್ದರೆ ಕರಗಿಸಬಾರದು. ಎರಡನೆಯ ಸಾರಿ ಹೆಪ್ಪುಗಟ್ಟಿದರೆ ಕೇಡು ಹೆಚ್ಚು. ಗುಳ್ಳೆಗಳನ್ನು ಒಡೆಯದೆ, ಬೆರಳುಗಳ ನಡುವೆ ಒಣಬಟ್ಟೆಯನ್ನಿಟ್ಟು ಸಡಿಲಾಗಿ ಕಟ್ಟಿ, ಬೇಗ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವು ಮೊದಲನೆಯ ದಿನದಲ್ಲೇ ಫಲಕೊಡುವದು. ಕಪ್ಪಾದದ್ದನ್ನು ಕಂಡೊಡನೆ ವೈದ್ಯರು ಕತ್ತರಿಸುವದಿಲ್ಲ. ಕೀವು ಹರಡದಿದ್ದರೆ ವಾರಗಟ್ಟಲೆ ಕಾಯುವರು, ಯಾಕಂದರೆ ಸತ್ತಂತೆ ಕಂಡದ್ದರ ಕೆಳಗೆ ಅನೇಕ ಸಾರಿ ಜೀವವಿರುವದು.

ಕಾವು ಬರುವಾಗ ರೋಗಿಯು ಬಹಳವಾಗಿ ನರಳುವನು. ನೋವನ್ನು ತಗ್ಗಿಸುವ ಔಷಧವನ್ನು ಕೊಡಬೇಕು. ಆದರೆ ಆ ನೋವಿಗೆ ಅಂಜಬೇಕಾದದ್ದಿಲ್ಲ. ಅದು ರಕ್ತವು ತಿರಿಗಿ ಹರಿಯುತ್ತದೆಂಬದಕ್ಕೆ ಗುರುತು. ಮನಸ್ಸಾಕ್ಷಿಯ ವಿಷಯದಲ್ಲಿಯೂ ಹೀಗೆಯೇ ಅಲ್ಲವೇ? ಪಾಪವು ಚುಚ್ಚುವ ತನಕ ನಿರೀಕ್ಷೆಯುಂಟು. ಚುಚ್ಚದೆ ಹೋದಾಗಲೇ ನಾವು ಹೆದರತಕ್ಕದ್ದು. ಮರಗಟ್ಟಿದ ಸಹೋದರನನ್ನು ಒರಟಾಗಿ ಉಜ್ಜದೆ, ಪ್ರೀತಿಯ ಕಾವಿನಿಂದ ಮೆಲ್ಲನೆ ತಿರುಗಿಸುವದು ಸಭೆಯ ಕೆಲಸ.

ಗ್ರೆನ್‌ಫೆಲ್‌ರವರು ಆ ಮೂರು ನಾಯಿಗಳ ನೆನಪಿಗಾಗಿ ಒಂದು ಕಂಚಿನ ಫಲಕವನ್ನು ಮಾಡಿಸಿದರು. ಇನ್ನೂ ಅನೇಕ ವರುಷ ಆ ಜನರ ಸೇವೆಮಾಡಿ, 1940ನೆಯ ಅಕ್ಟೋಬರ್ 9ರಲ್ಲಿ ಅಮೇರಿಕದ ವರ್ಮಾಂಟ್ ಸೀಮೆಯಲ್ಲಿ ತೀರಿಕೊಂಡರು. ಅವರ ಬೂದಿಯನ್ನು ನ್ಯೂಫೌಂಡ್‌ಲ್ಯಾಂಡಿನ ಸೈಂಟ್ ಆಂಥೋನಿಯಲ್ಲಿ, ತಾವು ಸೇವಿಸಿದ ಜನರ ನಡುವೆಯೇ ಇಡಲಾಯಿತು.