ಕರ್ನಲ್ ಮೈನರ್ಟ್ಸ್‌ಹಾಗೆನ್ ಮತ್ತು ಕಳೆದುಹೋದ ಗೂಬೆ

ರಿಚರ್ಡ್ ಮೈನರ್ಟ್ಸ್‌ಹಾಗೆನ್ 1967ರ ಜೂನ್ ತಿಂಗಳಲ್ಲಿ, 89ರ ತುಂಬುವಯಸ್ಸಿನಲ್ಲಿ, ಲಂಡನ್ನಿನಲ್ಲಿ ತೀರಿಕೊಂಡನು. ಯೋಧ, ಗೂಢಚಾರ, ಬೇಟೆಗಾರ, ಪಕ್ಷಿಶಾಸ್ತ್ರಜ್ಞ ಎಂಬ ನಾಲ್ಕು ಬಿರುದುಗಳೂ ಒಬ್ಬನಿಗೇ ಸಲ್ಲುವುದು ಅಪೂರ್ವ. ಬದುಕಿರುವಷ್ಟು ಕಾಲ ಆತನ ಮಾತನ್ನು ಬಹಿರಂಗವಾಗಿ ಶಂಕಿಸಿದವರು ವಿರಳ. ಆತ ಕಣ್ಮುಚ್ಚಿದ ಮೂವತ್ತು ವರ್ಷಗಳ ಬಳಿಕ, ಭಾರತದ ಒಂದು ಚಿಕ್ಕ ಗೂಬೆಯ ನೆಪದಿಂದ ಆ ಕೀರ್ತಿಯ ಬುಡವೇ ಅಲುಗಾಡಿತು.

ಆತ ಹುಟ್ಟಿದ್ದು 1878ರಲ್ಲಿ, ಲಂಡನ್ನಿನ ಸಿರಿವಂತ ಲೇವಾದೇವಿ ಮನೆತನದಲ್ಲಿ. ಸಮಾಜವಾದಿ ಲೇಖಕಿ ಬಿಯಾಟ್ರಿಸ್ ವೆಬ್ ಆತನ ಚಿಕ್ಕಮ್ಮ. ಹ್ಯಾರೋ ಶಾಲೆಯಲ್ಲಿ ಓದು; 1899ರಲ್ಲಿ ಸೈನ್ಯ; ಮೊದಲು ಭಾರತ, 1902ರಿಂದ ಪೂರ್ವ ಆಫ್ರಿಕ. ಅಲ್ಲಿನ ದೈತ್ಯ ಕಾಡುಹಂದಿಯೊಂದಕ್ಕೆ ವಿಜ್ಞಾನಿಗಳು ಆತನ ಹೆಸರನ್ನೇ ಇಟ್ಟರು. ಅದೇ ನಾಡಿನಲ್ಲಿ, 1905ರಲ್ಲಿ, ಸಂಧಾನದ ಭೇಟಿಗೆಂದು ಬಂದ ನಂದಿ ಜನರ ನಾಯಕ ಕೊಯ್ತಲೆಲ್ ಆತನ ಕೈಯಿಂದ ಹತನಾದನು. ಸೈನ್ಯದ ವಿಚಾರಣೆ ಆತನನ್ನು ನಿರ್ದೋಷಿಯೆಂದಿತು. ನಂದಿ ಜನ ಇಂದಿಗೂ ಹಾಗೆನ್ನುವುದಿಲ್ಲ. 1917ರಲ್ಲಿ ಪ್ಯಾಲೆಸ್ಟೈನಿನ ರಣರಂಗದಲ್ಲಿ, ಸುಳ್ಳು ಕಾಗದಪತ್ರ ತುಂಬಿದ ಚೀಲವೊಂದನ್ನು ಬೇಕೆಂದೇ ಬೀಳಿಸಿ ತುರ್ಕರನ್ನು ಮೋಸಗೊಳಿಸಿದ ಕಥೆ ಆತನನ್ನು ಲೋಕಪ್ರಸಿದ್ಧನನ್ನಾಗಿಸಿತು. ಆ ಉಪಾಯವನ್ನು ಹೂಡಿದವನು ಆತನಲ್ಲವೆಂದು ಮುಂದಿನ ಸಂಶೋಧಕರು ವಾದಿಸಿದ್ದಾರೆ. ಸುಳ್ಳು ಕಾಗದದ ಶಕ್ತಿಯನ್ನಂತೂ ಆತ ಚೆನ್ನಾಗಿ ಅರಿತಿದ್ದನು.

ಹಕ್ಕಿಗಳ ಹುಚ್ಚು ಬಾಲ್ಯದಿಂದ ಬಂದದ್ದು. ಯುದ್ಧವೋ ರಾಜತಂತ್ರವೋ, ಹೋದೆಡೆಯಲ್ಲೆಲ್ಲ ಹಕ್ಕಿಗಳನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಕಾಲಿಗೆ ಊರು ತಾರೀಖುಗಳ ಚೀಟಿ ಕಟ್ಟಿ ಕೂಡಿಡುತ್ತಿದ್ದನು. ಈಜಿಪ್ಟಿನ ಹಕ್ಕಿಗಳ ಬಗೆಗೆ 1930ರಲ್ಲಿ, ಅರೇಬಿಯದ ಹಕ್ಕಿಗಳ ಬಗೆಗೆ 1954ರಲ್ಲಿ ದೊಡ್ಡ ಗ್ರಂಥಗಳು ಹೊರಬಂದವು. ಸುಮಾರು 20,000 ಹಕ್ಕಿಗಳ ಸಂಗ್ರಹವನ್ನು ಬ್ರಿಟಿಷ್ ವಸ್ತುಸಂಗ್ರಹಾಲಯಕ್ಕೆ ಉದಾರವಾಗಿ ದಾನವಿತ್ತನು. ದಾನಿ ಒಮ್ಮೆ ಅದೇ ಸಂಗ್ರಹಾಲಯದಿಂದ ಅನುಮತಿಯಿಲ್ಲದೆ ಹಕ್ಕಿಗಳನ್ನು ಒಯ್ದು ಸಿಕ್ಕಿಬಿದ್ದಿದ್ದನೆಂಬುದನ್ನೂ, 1919ರಲ್ಲಿ ಕೆಲಕಾಲ ಪಕ್ಷಿವಿಭಾಗಕ್ಕೆ ಆತನ ಪ್ರವೇಶ ನಿಷಿದ್ಧವಾಗಿತ್ತೆಂಬುದನ್ನೂ ಅಲ್ಲಿನವರು ಬಲ್ಲರು. ಬಲ್ಲವರು ಸುಮ್ಮನಿದ್ದರು. ಸಿರಿವಂತನೂ ಪದಕಧಾರಿಯೂ ಆದವನ ವಿಷಯದಲ್ಲಿ ವಿದ್ವಾಂಸರ ನಾಲಗೆಯೂ ತಡವರಿಸುತ್ತದೆ.

ಇನ್ನು ಗೂಬೆಯ ವಿಷಯ. ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನೆಂದು ನಾವು ಅರಿತಿರುವ ಎ. ಓ. ಹ್ಯೂಮ್ ದೊಡ್ಡ ಪಕ್ಷಿತಜ್ಞನೂ ಹೌದು. ಬ್ಲೆವಿಟ್ ಎಂಬ ಅಧಿಕಾರಿ ಮಧ್ಯಭಾರತದ ಪೂರ್ವದ ಕಾಡಿನಲ್ಲಿ 1872ರಲ್ಲಿ ಹಿಡಿದ ಗೂಬೆಯೊಂದನ್ನು ಹ್ಯೂಮ್ ಮರುವರ್ಷ ಹೊಸ ಜಾತಿಯೆಂದು ವರ್ಣಿಸಿದನು. 1880ರ ದಶಕದಲ್ಲಿ ಜೇಮ್ಸ್ ಡೇವಿಡ್‌ಸನ್ ಪಶ್ಚಿಮ ಖಾನದೇಶದಲ್ಲಿ ಅದನ್ನೇ ಸಂಗ್ರಹಿಸಿದನು. ಈ ಡೇವಿಡ್‌ಸನ್ ಮುಂದೆ ನಮ್ಮ ಉತ್ತರ ಕನ್ನಡದ ಹಕ್ಕಿಗಳನ್ನು ಕುರಿತೂ ಬರೆದವನು. 1884ರ ಅನಂತರ ಕಾಡುಗೂಬೆ ಯಾರ ಕಣ್ಣಿಗೂ ಬೀಳಲಿಲ್ಲ. ಜಗತ್ತಿನ ಸಂಗ್ರಹಾಲಯಗಳಲ್ಲಿ ಉಳಿದದ್ದು ಏಳೇ ಏಳು ಚರ್ಮಗಳು. ಅವುಗಳಲ್ಲಿ ಒಂದರ ಚೀಟಿ ಮಾತ್ರ ಬೇರೊಂದು ಕಥೆ ಹೇಳುತ್ತಿತ್ತು: ಗುಜರಾತಿನ ಮಾಂಡವಿ, 1914, ಸಂಗ್ರಾಹಕ ಮೈನರ್ಟ್ಸ್‌ಹಾಗೆನ್.

ಮೂವತ್ತು ವರ್ಷ ಕಾಣದಿದ್ದ ಹಕ್ಕಿ ಮತ್ತೆ ಸಿಕ್ಕಿತೆಂಬ ಈ ಸಾಕ್ಷಿಯನ್ನು ಗ್ರಂಥಗಳು ಒಪ್ಪಿಕೊಂಡವು. ಸಲೀಂ ಅಲಿ ಮತ್ತು ಡಿಲನ್ ರಿಪ್ಲಿಯಂತಹ ದಿಗ್ಗಜರೂ ಗೂಬೆಯನ್ನು ಅರಸಿ ನಿರಾಶರಾದರು. ಸಲೀಂ ಅಲಿಯವರು 1937ರಲ್ಲಿ ಮೈನರ್ಟ್ಸ್‌ಹಾಗೆನ್‌ನ ಜೊತೆಗೆ ಅಫಘಾನಿಸ್ತಾನದಲ್ಲಿ ಸಂಚರಿಸಿದವರು. ಆತ ದಿನಚರಿಯಲ್ಲಿ ತಮ್ಮನ್ನು ಹೀಗಳೆದಿದ್ದುದನ್ನು ತಿಳಿದೂ ಅದನ್ನು ತಮ್ಮ ಆತ್ಮಕಥೆಯಲ್ಲಿ ನಗುನಗುತ್ತಲೇ ಅಚ್ಚುಹಾಕಿಸಿದ ದೊಡ್ಡ ಮನಸ್ಸು ಅವರದು. ಇತ್ತ ಕಾಡುಗೂಬೆಯನ್ನು ಕಂಡೆವೆನ್ನುವವರೂ, ಛಾಯಾಚಿತ್ರ ತೋರಿಸುವವರೂ ಆಗಾಗ ಹುಟ್ಟಿಕೊಂಡರು. ಪರೀಕ್ಷಿಸಿದರೆ ಅದು ಊರೂರಿನಲ್ಲಿರುವ ಹಾಲಕ್ಕಿ, ಬುಡಬುಡಿಕೆಯವರು ಶಕುನ ಹೇಳುವಾಗ ನೆನೆಯುವ ಅದೇ ಹಾಲಕ್ಕಿ! ಎರಡೂ ಗಾತ್ರದಲ್ಲಿ ಹೆಚ್ಚುಕಡಮೆ ಒಂದೇ. ಆದರೆ ಹಾಲಕ್ಕಿಯ ನೆತ್ತಿಯ ತುಂಬ ಬಿಳಿಯ ಚುಕ್ಕೆ. ಕಾಡುಗೂಬೆಯ ನೆತ್ತಿ ಬಹುಮಟ್ಟಿಗೆ ಬರಿದು, ರೆಕ್ಕೆ ಬಾಲಗಳಲ್ಲಿ ದಪ್ಪ ಪಟ್ಟೆ, ಕೊಕ್ಕೂ ಕಾಲೂ ದೃಢ. ಕಾಣಬೇಕೆಂಬ ಆಸೆ ಬಲವಾದಾಗ ಈ ಅಂತರಗಳು ಕಣ್ಣಿಗೆ ಮಸುಕಾಗುತ್ತವೆ.

1993ರಲ್ಲಿ ಅಲನ್ ನಾಕ್ಸ್ ಎಂಬ ವಿದ್ವಾಂಸ, ಮೈನರ್ಟ್ಸ್‌ಹಾಗೆನ್‌ನ ಸಂಗ್ರಹದ ಕೆಲವು ಹಕ್ಕಿಗಳು ಕದ್ದು ಚೀಟಿ ಬದಲಿಸಿದವೆಂದು ತೋರಿಸಿಕೊಟ್ಟನು. ದಕ್ಷಿಣ ಏಷ್ಯದ ಹಕ್ಕಿಗಳ ಗ್ರಂಥಕ್ಕಾಗಿ ದುಡಿಯುತ್ತಿದ್ದ ಅಮೆರಿಕದ ವಿದುಷಿ ಪಮೇಲಾ ರಾಸ್ಮುಸನ್ ಅವರು ಗೂಬೆಯ ಚರ್ಮವನ್ನೇ ಕೈಗೆತ್ತಿಕೊಂಡರು. ದರ್ಜಿಯ ಹೊಲಿಗೆಯಂತೆ ಪ್ರತಿಯೊಬ್ಬ ಸಂಗ್ರಾಹಕನ ಕೈಗೂ ಅದರದೇ ಗುರುತು ಇರುತ್ತದೆ. ಕ್ಷ-ಕಿರಣದಲ್ಲಿ ನೋಡಿದಾಗ, ಹಳೆಯ ಹಕ್ಕಿಯನ್ನು ಬಿಚ್ಚಿ ಮತ್ತೆ ತುಂಬಿದ ಕುರುಹುಗಳು ಹೊರಬಿದ್ದವು; ಅಡಿಯಲ್ಲಿ ಉಳಿದಿದ್ದ ಕೈವಾಡ ಡೇವಿಡ್‌ಸನ್ನನದು. ಸಂಗ್ರಹಾಲಯದ ಹಕ್ಕಿಯನ್ನೇ ಕದ್ದು, ವೇಷ ಬದಲಿಸಿ, ಮಾಂಡವಿಯ ಹೆಸರು ಅಂಟಿಸಲಾಗಿತ್ತು. ಈ ವಂಚನೆಯ ಪೂರ್ಣ ವಿವರವನ್ನು ರಾಸ್ಮುಸನ್ ಮತ್ತು ನೈಜೆಲ್ ಕಾಲರ್ 1999ರಲ್ಲಿ ಪ್ರಕಟಿಸಿದರು.

1914ರ ಸಾಕ್ಷಿ ಬಿದ್ದುಹೋದರೆ ಹಕ್ಕಿ ಕಾಣೆಯಾದ ಕಾಲ ಇನ್ನೂ ಮೂವತ್ತು ವರ್ಷ ಹಿಂದಕ್ಕೆ ಸರಿಯುತ್ತದೆ, ಅದು ಅಳಿದಿರಬೇಕೆಂಬ ಭಯವೂ ಬಲಿಯುತ್ತದೆ. ಆದರೆ ಸುಳ್ಳು ಚೀಟಿ ಹರಿದ ಮೇಲೆ ಉಳಿದದ್ದು ನಿಜವಾದ ಊರುಗಳ ಪಟ್ಟಿ. ರಾಸ್ಮುಸನ್, ಬೆನ್ ಕಿಂಗ್ ಮತ್ತು ಡೇವಿಡ್ ಆಬಟ್ ಆ ಪಟ್ಟಿ ಹಿಡಿದು ಹೊರಟರು. ಪೂರ್ವದ ಊರುಗಳಲ್ಲಿ ಏನೂ ಸಿಗಲಿಲ್ಲ. ಅಲ್ಲಿಂದ ಡೇವಿಡ್‌ಸನ್ನನ ಖಾನದೇಶಕ್ಕೆ ಬಂದು, 1997ರ ನವೆಂಬರ್ 25ರಂದು, ಮಹಾರಾಷ್ಟ್ರದ ಶಹಾದಾ ಸಮೀಪದ ಕಾಡಿನಲ್ಲಿ ಹಗಲಿನಲ್ಲೇ ಕುಳಿತಿದ್ದ ಗೂಬೆಯೊಂದನ್ನು ಕಂಡರು. ಹಾಲಕ್ಕಿಯೇ ಇರಬಹುದೆಂಬ ಶಂಕೆಯನ್ನು ಮುಂದಿಟ್ಟುಕೊಂಡೇ ನೆತ್ತಿ, ರೆಕ್ಕೆ, ಬಾಲಗಳ ಗುರುತುಗಳನ್ನು ನೋಡಿದರು, ಚಿತ್ರ ತೆಗೆದರು. 113 ವರ್ಷಗಳ ಬಳಿಕ ದೊರೆತ ಆ ದರ್ಶನವನ್ನು ಯಾರೂ ಅಲ್ಲಗಳೆಯಲಾಗಲಿಲ್ಲ.

ಮುಂದೆ ಮೇಳಘಾಟಿನಲ್ಲಿ, ಮಧ್ಯಪ್ರದೇಶದಲ್ಲಿ ಕಾಡುಗೂಬೆ ಕಾಣಿಸಿತು. ದಕ್ಷಿಣ ಗುಜರಾತಿನ ಡಾಂಗ್ಸ್ ಕಾಡಿನಲ್ಲಿಯೂ ಸಿಕ್ಕಿತು. ಹಾಗಾದರೆ ಕರ್ನಲ್ ಹೇಳಿದ್ದು ನಿಜವೇ ಆಯಿತಲ್ಲ ಎನ್ನುವವರುಂಟು. ಗುಜರಾತಿನಲ್ಲಿ ಗೂಬೆ ಇದೆ. ಆತ ಅಲ್ಲಿ ಹಿಡಿಯಲಿಲ್ಲ. ಆತನ ಸಂಗ್ರಹವನ್ನು ವಿದ್ವಾಂಸರು ಒಂದೊಂದಾಗಿ ಶೋಧಿಸುತ್ತ ಬಂದಿದ್ದಾರೆ. ಕದ್ದವುಗಳ ನಡುವೆ ಆತ ಬಿಸಿಲು ಮಳೆಯಲ್ಲಿ ಅಲೆದು ನಿಜವಾಗಿಯೂ ಹಿಡಿದ ಹಕ್ಕಿಗಳೂ ಬಹಳವಿವೆ. ಬೇರೆ ಆಧಾರ ಸಿಗುವವರೆಗೆ ಅವುಗಳ ಕಾಲಿನ ಚೀಟಿಗಳನ್ನೂ ಯಾರೂ ನಂಬುವಂತಿಲ್ಲ.