‘ನಾನು’ ಎಂಬುದನ್ನು ಹುಡುಕಿದ ಡೇವಿಡ್ ಹ್ಯೂಮ್

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ, ಹಳೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವ ಹಿರಿಯರಿದ್ದಾರೆ ಎನಿಸಿತು. ಹಾಗಾಗಿ ಈಗ ಇಲ್ಲಿ ಓದುತ್ತಿರುವ ತಮ್ಮಂದಿರು, ತಂಗಿಯರಿಗೆ ಒಬ್ಬ ತತ್ತ್ವಜ್ಞಾನಿಯ ಜೀವನವನ್ನು ಪರಿಚಯಿಸುತ್ತೇನೆ. ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ನಮ್ಮ ಸಿಲೆಬಸ್ಸಿನಲ್ಲಿ ತತ್ತ್ವಶಾಸ್ತ್ರ ಇರಲಿಲ್ಲ. ಆದರೆ ಹಳೆಯ ದತ್ತಾಂಶ ನೋಡಿ ಮುಂದಿನದನ್ನು ಊಹಿಸುವ ಪ್ರೋಗ್ರಾಂಗಳ ಜೊತೆ ಕೆಲಸ ಮಾಡುವಾಗ ಒಂದು ಪ್ರಶ್ನೆ ಕಾಡತೊಡಗಿತು: ನಿನ್ನೆಯವರೆಗೆ ಆದದ್ದು ನಾಳೆಯೂ ಆಗುತ್ತದೆ ಎಂದು ನಮಗೆ ಹೇಗೆ ಗೊತ್ತು? ಓದುತ್ತಾ ಹೋದಾಗ, 280ಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಇದನ್ನು ಕೇಳಿದ್ದ ಡೇವಿಡ್ ಹ್ಯೂಮ್ ಸಿಕ್ಕಿದ.

ಹ್ಯೂಮ್ ಹುಟ್ಟಿದ್ದು 1711ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಮರುಮದುವೆಯಾಗದೆ ಮೂವರು ಮಕ್ಕಳನ್ನು ಬೆಳೆಸಿದರು. ಮನೆತನಕ್ಕೆ ಸ್ವಲ್ಪ ಜಮೀನಿತ್ತು. ಆದರೆ ಅಲ್ಲಿನ ಪದ್ಧತಿಯಂತೆ ಅದು ಹಿರಿಯ ಮಗನಿಗೆ ಸೇರಬೇಕು. ಕಿರಿಯನಾದ ಡೇವಿಡ್ ತನ್ನ ದಾರಿ ತಾನೇ ನೋಡಿಕೊಳ್ಳಬೇಕಿತ್ತು. ಹನ್ನೆರಡು ತುಂಬುವ ಮೊದಲೇ ಅಣ್ಣನ ಜೊತೆ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿ, ಕೆಲವು ವರ್ಷಗಳ ನಂತರ ಪದವಿ ಪಡೆಯದೆಯೇ ಹೊರಬಂದ. ವಕೀಲನಾಗಲಿ ಎಂಬುದು ಮನೆಯವರ ಆಸೆ. ಅವನ ಮನಸ್ಸೆಲ್ಲ ಸಾಹಿತ್ಯ, ತತ್ತ್ವಶಾಸ್ತ್ರದ ಕಡೆಗೆ. ವಿಪರೀತ ಓದಿನಿಂದ ಆರೋಗ್ಯ ಕೆಟ್ಟಿತು. 1734ರಲ್ಲಿ ಬ್ರಿಸ್ಟಲ್ ನಗರದ ಸಕ್ಕರೆ ವ್ಯಾಪಾರಿಯೊಬ್ಬನ ಕಚೇರಿಗೆ ಸೇರಿದ. ಕೆಲವೇ ತಿಂಗಳಲ್ಲಿ ಅದನ್ನೂ ಬಿಟ್ಟು ಫ್ರಾನ್ಸಿಗೆ ಹೋದ.

ಅಲ್ಲಿ ಲಾ ಫ್ಲೆಶ್ ಎಂಬ ಸಣ್ಣ ಊರಿನಲ್ಲಿ, ಇದ್ದ ಅಲ್ಪ ಹಣದಲ್ಲೇ ಬಿಗಿಯಾಗಿ ಜೀವನ ನಡೆಸುತ್ತಾ, ‘ಮಾನವ ಸ್ವಭಾವದ ಕುರಿತ ಗ್ರಂಥ’ ಬರೆಯತೊಡಗಿದ. ಅದೇ ಊರಿನ ಕಾಲೇಜಿನಲ್ಲಿ ನೂರಕ್ಕೂ ಹೆಚ್ಚು ವರ್ಷ ಮೊದಲು ಓದಿದ್ದವನು ಡೆಕಾರ್ಟ್. ಎಲ್ಲವನ್ನೂ ಅನುಮಾನಿಸಿದರೂ ಅನುಮಾನಿಸುತ್ತಿರುವ ‘ನಾನು’ ಇದ್ದೇ ಇದ್ದೇನೆ, ಆ ‘ನಾನು’ ದೇಹದಿಂದ ಬೇರೆಯಾದ ಒಂದು ವಸ್ತು ಎಂಬುದು ಡೆಕಾರ್ಟನ ನಿಲುವು. ಹ್ಯೂಮ್ ಅದನ್ನು ಪರೀಕ್ಷಿಸಲು ಹೊರಟ. ತನ್ನೊಳಗೆ ನೋಡಿಕೊಂಡಾಗ ಅವನಿಗೆ ಸಿಕ್ಕಿದ್ದು ಬಿಸಿ, ತಂಪು, ನೋವು, ಸಂತೋಷ, ಪ್ರೀತಿ, ಸಿಟ್ಟು ಇಂಥವೇ. ಒಂದಾದ ಮೇಲೊಂದು ಅನುಭವ ಬರುತ್ತಿತ್ತು, ಹೋಗುತ್ತಿತ್ತು. ಅವುಗಳ ಹಿಂದೆ ಬದಲಾಗದೆ ನಿಂತಿರುವ ‘ನಾನು’ ಮಾತ್ರ ಸಿಗಲಿಲ್ಲ. ನಾವು ‘ನಾನು’ ಎನ್ನುವುದು ಅನುಭವಗಳ ಒಂದು ಕಟ್ಟು ಅಷ್ಟೇ ಎಂಬ ತೀರ್ಮಾನಕ್ಕೆ ಅವನು ಬಂದ.

ಇದನ್ನು ವಿವರಿಸಲು ಅವನು ಗಣರಾಜ್ಯದ ಹೋಲಿಕೆ ಕೊಟ್ಟ. ಪ್ರಜೆಗಳು ಬದಲಾಗುತ್ತಾರೆ, ಕಾನೂನುಗಳೂ ಬದಲಾಗಬಹುದು. ಆದರೂ ನಾವು ಅದೇ ರಾಜ್ಯ ಎನ್ನುತ್ತೇವೆ. ನಮ್ಮ ಶಾಲೆಯನ್ನೇ ನೋಡಿ. 50 ವರ್ಷಗಳಲ್ಲಿ ಮುಖ್ಯೋಪಾಧ್ಯಾಯರು ಬದಲಾದರು, ಬೆಂಚುಗಳು ಬದಲಾದವು, ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳು ಬಂದರು. ಆದರೂ ಇದು ನಮ್ಮದೇ ಶಾಲೆ. ಒಂದರಿಂದ ಇನ್ನೊಂದಕ್ಕೆ ಸಾಗಿಬಂದ ಸಂಬಂಧವೇ ಅದನ್ನು ಒಂದಾಗಿಸಿದೆ.

ಜ್ಞಾನದ ಬಗ್ಗೆಯೂ ಅವನ ಪ್ರಶ್ನೆ ಅಷ್ಟೇ ಸರಳ. ಅವನು ಬಿಲಿಯರ್ಡ್ಸ್ ಚೆಂಡುಗಳ ಉದಾಹರಣೆ ಕೊಟ್ಟ. ನಾವು ಕೇರಂ ಎಂದುಕೊಳ್ಳೋಣ. ಸ್ಟ್ರೈಕರ್ ತಾಗುತ್ತದೆ, ಪಾನು ಚಲಿಸುತ್ತದೆ. ನಮಗೆ ಕಾಣುವುದು ಈ ಎರಡು ಘಟನೆಗಳು ಮಾತ್ರ. ಇವೆರಡನ್ನು ಬಿಗಿದಿರುವ ಕಾರಣ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಮತ್ತೆ ಮತ್ತೆ ನೋಡಿದ ರೂಢಿಯಿಂದ ಮುಂದೆಯೂ ಹೀಗೇ ಎಂದು ನಂಬುತ್ತೇವೆ. ಹಾಗೆ ನಂಬದೆ ಬದುಕಲಾಗದು, ಆದರೆ ಆ ನಂಬಿಕೆಗೆ ತರ್ಕದ ಖಾತರಿ ಇಲ್ಲ ಎಂದು ಅವನು ತೋರಿಸಿದ. ವಿಜ್ಞಾನವನ್ನು ಅಲ್ಲಗಳೆಯುವುದು ಅವನ ಉದ್ದೇಶವಾಗಿರಲಿಲ್ಲ. ಆಧಾರ ಎಷ್ಟಿದೆಯೋ ನಂಬಿಕೆಯೂ ಅಷ್ಟೇ ಇರಲಿ ಎಂಬುದು ಅವನ ಒತ್ತಾಯ.

ಗ್ರಂಥದ ಮೊದಲ ಎರಡು ಸಂಪುಟ 1739ರಲ್ಲಿ ಅಚ್ಚಾದಾಗ ಅವನಿಗೆ 28 ತುಂಬಿರಲಿಲ್ಲ. ಅವನು ನಿರೀಕ್ಷಿಸಿದ ಸ್ವಾಗತ ಸಿಗಲಿಲ್ಲ. 1740ರಲ್ಲಿ ಮೂರನೆಯ ಸಂಪುಟದ ಜೊತೆ ಒಂದು ಅನುಬಂಧ ಸೇರಿಸಿ, ‘ನಾನು’ ಬಗ್ಗೆ ತಾನು ಕೊಟ್ಟ ವಿವರಣೆ ತನಗೇ ಸಮಾಧಾನ ತರುತ್ತಿಲ್ಲ, ಅದರ ತೊಡಕು ಬಿಡಿಸಲು ತನಗೆ ದಾರಿ ತೋಚುತ್ತಿಲ್ಲ ಎಂದು ತಾನೇ ಬರೆದುಕೊಂಡ. ತನ್ನ ಮುಖ್ಯ ವಾದದ ಕೊರತೆಯನ್ನು ಇನ್ನೊಬ್ಬರು ಹೇಳುವ ಮೊದಲೇ ಅಚ್ಚು ಹಾಕಿಸುವ ಧೈರ್ಯ ಎಷ್ಟು ಜನಕ್ಕಿರುತ್ತದೆ?

ನಾಸ್ತಿಕನೆಂಬ ಆರೋಪದಿಂದ 1745ರಲ್ಲಿ ಎಡಿನ್‌ಬರೋದಲ್ಲಿ, 1752ರಲ್ಲಿ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕ ಹುದ್ದೆ ತಪ್ಪಿತು. ಜೀವಮಾನವಿಡೀ ಅವನು ಪ್ರಾಧ್ಯಾಪಕನಾಗಲೇ ಇಲ್ಲ. 1752ರಲ್ಲಿ ಎಡಿನ್‌ಬರೋದ ವಕೀಲರ ಗ್ರಂಥಾಲಯದ ಗ್ರಂಥಪಾಲಕನಾದ. ಅವನು ತರಿಸಿದ ಕೆಲವು ಪುಸ್ತಕಗಳನ್ನು ಆಡಳಿತದವರು ತೆಗೆದುಹಾಕಿಸಿದಾಗ, ಓದಲು ಪುಸ್ತಕ ಬೇಕಿದ್ದರಿಂದ ಹುದ್ದೆ ಬಿಡಲಿಲ್ಲ. ಸಂಬಳವನ್ನು ಬ್ಲಾಕ್‌ಲಾಕ್ ಎಂಬ ಅಂಧ ಕವಿಗೆ ಬಿಟ್ಟುಕೊಟ್ಟ. ಆ ಗ್ರಂಥಾಲಯದ ನೆರವಿನಿಂದಲೇ ಆರಂಭಿಸಿದ ‘ಇಂಗ್ಲೆಂಡಿನ ಇತಿಹಾಸ’ 1754ರಿಂದ 1762ರವರೆಗೆ ಆರು ಸಂಪುಟಗಳಲ್ಲಿ ಹೊರಬಂದು ಹಣ, ಹೆಸರು ಎರಡನ್ನೂ ತಂದಿತು.

ಅವನ ಜೀವನದಲ್ಲಿ ಮುಚ್ಚಿಡಬಾರದ ಒಂದು ಕಲೆಯೂ ಇದೆ. ಕಪ್ಪು ಜನರು ಬುದ್ಧಿಯಲ್ಲಿ ಬಿಳಿಯರಿಗಿಂತ ಕಡಿಮೆ ಎಂಬ ಅರ್ಥದ ಅಡಿಟಿಪ್ಪಣಿಯೊಂದನ್ನು ತನ್ನ ಪ್ರಬಂಧಕ್ಕೆ ಸೇರಿಸಿದ. ಜೇಮ್ಸ್ ಬೀಟಿ ಎಂಬ ಸಮಕಾಲೀನ 1770ರಲ್ಲೇ ಇದನ್ನು ಖಂಡಿಸಿದ. ಹ್ಯೂಮ್ ಮಾತುಗಳನ್ನು ಸ್ವಲ್ಪ ತಿದ್ದಿದನೇ ಹೊರತು ಟಿಪ್ಪಣಿಯನ್ನು ತೆಗೆಯಲಿಲ್ಲ. ಇದೇ ಕಾರಣಕ್ಕೆ 2020ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ತನ್ನ ಒಂದು ಕಟ್ಟಡದಿಂದ ಅವನ ಹೆಸರನ್ನು ತೆಗೆಯಿತು. ‘ನಾನು’ ಎಂಬ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದವನು, ಸುತ್ತಲಿನವರ ಬಾಯಲ್ಲಿ ಕೇಳಿದ್ದನ್ನು ಪರೀಕ್ಷಿಸದೆ ಒಪ್ಪಿಕೊಂಡ. ನನ್ನ ಕೆಲಸದಲ್ಲೂ ಇದೇ ಎಚ್ಚರ ಬೇಕು. ಹಳೆಯ ದತ್ತಾಂಶದಲ್ಲಿ ಪಕ್ಷಪಾತವಿದ್ದರೆ ಪ್ರೋಗ್ರಾಂ ಅದನ್ನೇ ಕಲಿತು ಅದನ್ನೇ ಸತ್ಯವೆಂಬಂತೆ ಹೇಳುತ್ತದೆ. ರೂಢಿ ಬೇರೆ, ಸತ್ಯ ಬೇರೆ ಎಂದು ಕಲಿಸಿದವನು ಹ್ಯೂಮ್. ಆ ಪಾಠವನ್ನು ಅವನ ಮೇಲೂ ಪ್ರಯೋಗಿಸುವುದೇ ನ್ಯಾಯ.

1776ರ ಆಗಸ್ಟ್ 25ರಂದು, 65ನೇ ವಯಸ್ಸಿನಲ್ಲಿ ಹ್ಯೂಮ್ ತೀರಿಕೊಂಡ. ಕೊನೆಯ ದಿನಗಳಲ್ಲಿ ಅವನು ಸಾವಿಗೆ ಹೆದರದೆ ಪ್ರಸನ್ನನಾಗಿದ್ದನೆಂದು ಗೆಳೆಯ, ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ದಾಖಲಿಸಿದ್ದಾನೆ. ಮುಂದೆ ಜರ್ಮನಿಯ ಮಹಾ ತತ್ತ್ವಜ್ಞಾನಿ ಕಾಂಟ್, ತನ್ನನ್ನು ನಿದ್ದೆಯಿಂದ ಎಬ್ಬಿಸಿದವನು ಹ್ಯೂಮ್ ಎಂದು ಒಪ್ಪಿಕೊಂಡ.

ತಮ್ಮಂದಿರೇ, ತಂಗಿಯರೇ, ಹ್ಯೂಮನ ಗ್ರಂಥ ನಿಮ್ಮ ಪರೀಕ್ಷೆಗೆ ಬರುವುದಿಲ್ಲ. ಆದರೆ ಯಾರಾದರೂ, ಇಂಥ ಊರಿನವರು, ಇಂಥ ಮನೆಯವರು ಇಷ್ಟೇ ಎಂದು ನಿಮ್ಮ ಬಗ್ಗೆ ತೀರ್ಪು ಕೊಟ್ಟರೆ, ಅದು ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿ. ಬೇರೆಯವರ ಬಗ್ಗೆ ನೀವು ತೀರ್ಪು ಕೊಡುವಾಗಲೂ ಅದೇ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ಅಂಥ ಪ್ರಶ್ನೆಗಳಿಗೆ ನಮ್ಮ ಶಾಲೆಯಲ್ಲಿ ಸದಾ ಜಾಗವಿರಲಿ, ಅದು ನೂರರ ಸಂಭ್ರಮವನ್ನೂ ಕಾಣಲಿ ಎಂದು ಹಾರೈಸುತ್ತೇನೆ.