ಚೀಟಿ ಎತ್ತಿ ಗಿಡ ನೆಡಲು ಕಲಿಸಿದ ರೊನಾಲ್ಡ್ ಫಿಶರ್

ಹೊಸ ಕಾಫಿ ತಳಿ ಬಂದಿದೆ ಎಂದು ಸುದ್ದಿಯಾದರೆ ವಯನಾಡು, ನೀಲಗಿರಿ, ಕೊಡಗಿನ ಬೆಳೆಗಾರರು ಕೇಳುವುದು ಎರಡೇ ಮಾತು. ಗಿಡ ಎಷ್ಟು ಕಾಯಿ ಬಿಡುತ್ತದೆ? ಎಲೆ ತುಕ್ಕು ರೋಗ ತಡೆದುಕೊಳ್ಳುತ್ತದೆಯೇ? ಭತ್ತವಾದರೆ ಒಂದು ಬೆಳೆ ಕೆಟ್ಟರೂ ಮುಂದಿನ ವರ್ಷ ಬೀಜ ಬದಲಾಯಿಸಬಹುದು. ಕಾಫಿ ಹಾಗಲ್ಲ. ಮೊದಲ ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು, ಆಮೇಲೆ ಹತ್ತಾರು ವರ್ಷ ಅದೇ ಗಿಡ. ತಪ್ಪು ತಳಿ ನೆಟ್ಟವನ ಅರ್ಧ ಆಯುಷ್ಯವೇ ಅದರಲ್ಲಿ ಕಳೆದುಹೋಗುತ್ತದೆ. ಹೀಗಾಗದಂತೆ ತಳಿಗಳನ್ನು ನೆಲದಲ್ಲೇ ಪರೀಕ್ಷಿಸಿ ನೋಡುವ ಕ್ರಮವನ್ನು ಹಾಕಿಕೊಟ್ಟವರು ಸರ್ ರೊನಾಲ್ಡ್ ಫಿಶರ್. ಅವರು ಕಾಫಿ ಬೆಳೆದವರಲ್ಲ. ಅವರ ಕೆಲಸ ನಡೆದದ್ದು ಇಂಗ್ಲೆಂಡಿನ ಗೋಧಿ, ಆಲೂಗಡ್ಡೆ ಹೊಲಗಳಲ್ಲಿ.

ಫಿಶರ್ ಹುಟ್ಟಿದ್ದು 1890ರ ಫೆಬ್ರವರಿ 17ರಂದು, ಲಂಡನ್ನಿನಲ್ಲಿ. 14ನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ತಂದೆಯ ಹರಾಜು ವ್ಯಾಪಾರ ಮುಳುಗಿ ಮನೆಯ ಸ್ಥಿತಿ ಕೆಟ್ಟಿತು. ಚಿಕ್ಕಂದಿನಿಂದಲೂ ದೃಷ್ಟಿ ತೀರಾ ಮಂದ. ವಿದ್ಯುತ್ ದೀಪದ ಬೆಳಕಿನಲ್ಲಿ ಓದಬಾರದೆಂದು ವೈದ್ಯರು ತಾಕೀತು ಮಾಡಿದ್ದರಿಂದ ಶಾಲೆಯಲ್ಲಿ ಗಣಿತವನ್ನು ಕಾಗದ ಪೆನ್ಸಿಲ್ ಇಲ್ಲದೆ, ಬಾಯಿಮಾತಿನಲ್ಲೇ ಕಲಿತರು. ಲೆಕ್ಕವನ್ನೆಲ್ಲ ಮನಸ್ಸಿನಲ್ಲೇ ಚಿತ್ರವಾಗಿ ಕಾಣುವ ಅಭ್ಯಾಸ ಹಾಗೆ ಬಂತು. ಮುಂದೆ ಅವರ ಪ್ರಬಂಧ ಓದಿದ ಗಣಿತಜ್ಞರು ನಡುವಿನ ಮೆಟ್ಟಿಲುಗಳೇ ಕಾಣದೆ ಪರದಾಡಿದ್ದುಂಟು!

ಕೇಂಬ್ರಿಜ್‌ನಲ್ಲಿ 1912ರಲ್ಲಿ ಪದವಿ ಆಯಿತು. ಮೊದಲ ಮಹಾಯುದ್ಧಕ್ಕೆ ಸೇರಲು ಹೋದರೆ ಕಣ್ಣಿನ ಕಾರಣಕ್ಕೆ ಸೈನ್ಯ ತೆಗೆದುಕೊಳ್ಳಲಿಲ್ಲ. ಶಾಲಾ ಮಾಸ್ತರಿಕೆ ಮಾಡಿದರು, ಸಣ್ಣ ಜಮೀನಿನಲ್ಲಿ ಬೇಸಾಯವನ್ನೂ ಮಾಡಿದರು. 1919ರಲ್ಲಿ ಲಂಡನ್ನಿನ ಉತ್ತರಕ್ಕಿರುವ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಿಂದ ಕರೆ ಬಂತು. ಕೆಲಸ ತಾತ್ಕಾಲಿಕ. ಅದೇ ಹೊತ್ತಿಗೆ ಲಂಡನ್ನಿನ ಹೆಸರಾಂತ ಪ್ರಯೋಗಾಲಯವೊಂದೂ ಕರೆದಿತ್ತು, ಆದರೆ ಫಿಶರ್ ಹೊಲದ ಕಡೆಗೇ ಹೋದರು.

ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಬೆಳೆದು, ಪ್ರತಿ ತಾಕಿಗೂ ಬೇರೆ ಬೇರೆ ಗೊಬ್ಬರ ಹಾಕಿ, ಇಳುವರಿ ಬರೆದಿಟ್ಟಿದ್ದರು. ಅಷ್ಟು ವರ್ಷದ ಲೆಕ್ಕ ತೆಗೆದು ಕುಳಿತ ಫಿಶರರಿಗೆ ಕಂಡದ್ದೇನೆಂದರೆ, ಇಳುವರಿಯ ಏರಿಳಿತಕ್ಕೆ ಗೊಬ್ಬರ ಒಂದೇ ಕಾರಣವಲ್ಲ. ಮಳೆ ಇದೆ, ಮಣ್ಣು ಸವೆಯುವುದಿದೆ, ಕಳೆ ಹೆಚ್ಚುವುದಿದೆ. ಒಂದು ತಾಕಿಗೆ ಗೊಬ್ಬರ ಹಾಕಿ, ಪಕ್ಕದ ತಾಕನ್ನು ಹಾಗೇ ಬಿಟ್ಟು ಹೋಲಿಸಿದರೆ ಗೆದ್ದದ್ದು ಗೊಬ್ಬರವೋ ಮಣ್ಣೋ ಎಂದು ಹೇಳುವಂತಿಲ್ಲ. ಈ ಬಗೆಯ ಲೆಕ್ಕವನ್ನು ಬಿಡಿಸುವ ವಿಧಾನವನ್ನು 1923ರಲ್ಲಿ 12 ಆಲೂಗಡ್ಡೆ ತಳಿಗಳ ಪ್ರಯೋಗದಲ್ಲಿ ಬಳಸಿದರು. 1925ರಲ್ಲಿ ಸಂಶೋಧಕರಿಗಾಗಿ ಪುಸ್ತಕ ಬರೆದರು. ಮೈಸೂರು ಸರ್ಕಾರದ ಕಾಫಿ ಪ್ರಯೋಗ ಕೇಂದ್ರ ಬಾಳೆಹೊನ್ನೂರಿನಲ್ಲಿ ಶುರುವಾದದ್ದೂ ಅದೇ 1925ರಲ್ಲಿ. 1935ರಲ್ಲಿ ಪ್ರಯೋಗಗಳ ವಿನ್ಯಾಸದ ಬಗ್ಗೆಯೇ ಇನ್ನೊಂದು ಪುಸ್ತಕ ಬಂತು.

ಅವರ ಕ್ರಮವನ್ನು ನಮ್ಮ ಕಾಫಿ ಗುಡ್ಡದಲ್ಲಿಟ್ಟು ನೋಡೋಣ. ಆರು ತಳಿ ಪರೀಕ್ಷಿಸಬೇಕು ಎಂದುಕೊಳ್ಳಿ. ಗುಡ್ಡದ ನೆತ್ತಿಯಲ್ಲಿ ಮಣ್ಣು ತೆಳು, ಬೇಗ ಒಣಗುತ್ತದೆ. ಕೆಳಗೆ ತೋಡಿನ ಬದಿಯಲ್ಲಿ ತೇವ, ಗೋಡು ಎರಡೂ ಇವೆ. ಒಂದು ಕಡೆ ನೆರಳು ಗಾಢ, ಇನ್ನೊಂದು ಕಡೆ ಬಿಸಿಲು. ಒಂದೊಂದು ತಳಿಯನ್ನು ಒಂದೊಂದು ಮೂಲೆಯಲ್ಲಿ ನೆಟ್ಟರೆ ತೋಡಿನ ಬದಿಯದ್ದೇ ಗೆಲ್ಲುತ್ತದೆ. ಅದಕ್ಕೆ ಇಳಿಜಾರಿಗೆ ಅಡ್ಡಲಾಗಿ ಜಾಗವನ್ನು ಪಟ್ಟಿಗಳಾಗಿ ಹಂಚಬೇಕು. ಒಂದು ಪಟ್ಟಿಯೊಳಗೆ ಮಣ್ಣು ಹೆಚ್ಚು ಕಡಿಮೆ ಒಂದೇ ಬಗೆಯಾಗಿರಬೇಕು. ಪ್ರತಿ ಪಟ್ಟಿಯಲ್ಲೂ ಆರು ತಳಿಗಳೂ ಇರಬೇಕು. ಪಟ್ಟಿಯೊಳಗೆ ಯಾವ ತಳಿ ಎಲ್ಲಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಒಂದು ಪಟ್ಟಿಗೆ ಎತ್ತಿದ ಚೀಟಿ ಇನ್ನೊಂದಕ್ಕೆ ನಡೆಯದು.

ಜನ ಒಪ್ಪದೆ ತಕರಾರು ಮಾಡಿದ್ದು ಈ ಚೀಟಿಯ ವಿಷಯಕ್ಕೇ. ಅನುಭವಿ ರೈತನ ಕಣ್ಣಿಗಿಂತ ಚೀಟಿ ಹೆಚ್ಚೇ? ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದ ವಿಲಿಯಂ ಗಾಸೆಟ್ ಕೂಡ ಇದನ್ನು ಒಪ್ಪಲಿಲ್ಲ. ತಾಕುಗಳನ್ನು ಲೆಕ್ಕಾಚಾರದಿಂದ ಸರಿದೂಗಿಸಿ ಜೋಡಿಸುವುದೇ ಮೇಲು ಎಂದು 1937ರಲ್ಲಿ ತೀರಿಕೊಳ್ಳುವವರೆಗೂ ವಾದಿಸಿದರು. ಇಬ್ಬರ ಸ್ನೇಹ ಮಾತ್ರ ಕೆಡಲಿಲ್ಲ. ಫಿಶರರ ವಾದ ಸರಳವಾಗಿತ್ತು. ಮನುಷ್ಯ ಆರಿಸಿದರೆ ತನಗೆ ಇಷ್ಟವಾದ ತಳಿಗೆ ಗೊತ್ತಿಲ್ಲದೆಯೇ ಒಳ್ಳೆಯ ಜಾಗ ಕೊಡುತ್ತಾನೆ. ಚೀಟಿಗೆ ಇಷ್ಟ ಅನಿಷ್ಟ ಇಲ್ಲ. ಅಷ್ಟೇ ಅಲ್ಲ, ಚೀಟಿ ಎತ್ತಿದ್ದರೆ ಮಾತ್ರ ಈ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬರುವ ಸಂಭವ ಎಷ್ಟು ಎಂದು ಲೆಕ್ಕ ಹಾಕಲು ಬರುತ್ತದೆ.

ಕಾಫಿಗೆ ಇಷ್ಟೇ ಸಾಲದು. ಒಂದು ವರ್ಷ ಜೋರು ಫಸಲು ಬಿಟ್ಟ ಗಿಡ ಮರುವರ್ಷ ಸೊರಗುವುದು ನಮಗೆ ಗೊತ್ತೇ ಇದೆ, ಆದ್ದರಿಂದ ಹಲವು ವರ್ಷದ ಕೊಯ್ಲನ್ನು ಒಟ್ಟು ಸೇರಿಸಿ ನೋಡಬೇಕು. ತಾಕಿನ ಅಂಚಿನ ಗಿಡಗಳನ್ನು ಲೆಕ್ಕಕ್ಕೆ ಹಿಡಿಯಬಾರದು, ಪಕ್ಕದ ತಳಿಯ ಪ್ರಭಾವ ಅವುಗಳ ಮೇಲಿರುತ್ತದೆ. ತುಕ್ಕು ರೋಗಕ್ಕಂತೂ ಕಾಲವೇ ಪರೀಕ್ಷೆ. 1911ರಲ್ಲಿ ಮೈಸೂರು ಸೀಮೆಯ ತೋಟವೊಂದರಲ್ಲಿ ಆರಿಸಿದ ಕೆಂಟ್ಸ್ ತಳಿ ಕೆಲವು ವರ್ಷ ರೋಗ ತಡೆದು ಜನಪ್ರಿಯವಾಯಿತು. ಆಮೇಲೆ ತುಕ್ಕಿನ ಬೇರೊಂದು ಬಗೆ ಬಂದು ಅದೂ ಸೋತಿತು. ಬಾಳೆಹೊನ್ನೂರಿನವರು ಅದೇ ಕೆಂಟ್ಸನ್ನು ಎಸ್.288 ಜೊತೆ ಸಂಕರಿಸಿ ಎಸ್.795 ತಳಿ ತಂದದ್ದು 1940ರ ದಶಕದಲ್ಲಿ.

ಗುಡ್ಡದ ಮೇಲೆ ಮರಗಳ ಪ್ರಯೋಗವನ್ನೂ ಫಿಶರ್ ಹಾಕಿಕೊಟ್ಟಿದ್ದರು. 1929ರಲ್ಲಿ ವೇಲ್ಸ್‌ನ ಬೆಟ್ಟವೊಂದರಲ್ಲಿ ಐದು ಜಾತಿಯ ಮರಗಳನ್ನು, ಉದ್ದ ಸಾಲಿನಲ್ಲೂ ಅಡ್ಡ ಸಾಲಿನಲ್ಲೂ ಒಂದು ಜಾತಿ ಒಂದೇ ಸಲ ಬರುವಂತೆ 25 ತಾಕುಗಳಲ್ಲಿ ನೆಡಿಸಿದರು. ಮರಗಳು ಬೆಳೆದ ಮೇಲೆ ದೂರದಿಂದ ನೋಡಿದರೆ ಚೌಕಗಳು ಬೇರೆ ಬೇರೆಯಾಗಿ ಎದ್ದು ಕಾಣುತ್ತಿದ್ದವು. ಅವರ ಜೊತೆ ದುಡಿದ ಥಾಮಸ್ ಈಡನ್ ಸಿಲೋನಿನ ಚಹಾ ಸಂಶೋಧನಾ ಕೇಂದ್ರಕ್ಕೆ ಬಂದು ಈ ಕ್ರಮವನ್ನು ಚಹಾ ತೋಟಕ್ಕೆ ತಂದರು.

1938ರ ಜನವರಿಯಲ್ಲಿ ಫಿಶರ್ ಕಲ್ಕತ್ತೆಗೆ ಬಂದು, ಮಹಾಲನೋಬಿಸ್ ಏರ್ಪಡಿಸಿದ್ದ ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ರಾಯದುರ್ಗ, ಆದೋನಿ ಕಡೆಯ ಓದುಗರಿಗೆ ಇನ್ನೊಂದು ಸಂಗತಿ. ಹೂವಿನ ಹಡಗಲಿಯ ತೆಲುಗು ಮನೆಯೊಂದರಲ್ಲಿ 1920ರಲ್ಲಿ ಹುಟ್ಟಿ ಲೋಕಪ್ರಸಿದ್ಧರಾದ ಸಿ. ಆರ್. ರಾವ್ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಮಾಡಿದ್ದು ಫಿಶರರ ಕೈಕೆಳಗೇ.

ಮನುಷ್ಯ ಮುಂಗೋಪಿ. ಎರಡನೇ ಮಹಾಯುದ್ಧದಲ್ಲಿ ವಿಮಾನ ಚಾಲಕನಾಗಿದ್ದ ಹಿರಿಯ ಮಗ ತೀರಿಕೊಂಡ. ದಾಂಪತ್ಯವೂ ಮುರಿಯಿತು. 1952ರಲ್ಲಿ ಸರ್ ಪದವಿ ಬಂತು. 1950ರ ದಶಕದಲ್ಲಿ ಸಿಗರೇಟು ಸೇದಿದರೆ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂದು ವೈದ್ಯರು ಹೇಳಿದಾಗ ಫಿಶರ್ ಒಪ್ಪಲಿಲ್ಲ. ಸೇದುವವರನ್ನು ಚೀಟಿ ಎತ್ತಿ ಆರಿಸಿಲ್ಲವಲ್ಲ ಎಂಬುದೇ ಅವರ ಆಕ್ಷೇಪ. ಗುಡ್ಡದ ತಾಕಿಗೆ ಸರಿಯಾದ ನಿಯಮವನ್ನು ಅವರು ಇಲ್ಲಿ ಹಠಕ್ಕೆ ಹಿಡಿದರು ಎನ್ನಬೇಕು. ಪೈಪು ಸೇದುತ್ತಿದ್ದ ಅವರು ತಂಬಾಕು ಕಂಪನಿಗಳ ಸಲಹೆಗಾರರೂ ಆಗಿದ್ದರು. ಮನುಷ್ಯರಲ್ಲೂ ಒಳ್ಳೆಯ ತಳಿ, ಕೆಟ್ಟ ತಳಿ ಎಂದು ನೋಡುವ ಯೂಜೆನಿಕ್ಸ್ ವಾದವನ್ನು ಜೀವನವಿಡೀ ಬೆಂಬಲಿಸಿದರು.

ಕೊನೆಯ ವರ್ಷಗಳನ್ನು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಕಳೆದು 1962ರ ಜುಲೈ 29ರಂದು ಅಲ್ಲೇ ತೀರಿಕೊಂಡರು. ಅವರು ಓದಿದ ಕೇಂಬ್ರಿಜ್ ಕಾಲೇಜಿನಲ್ಲಿ ತಾಕುಗಳ ಆ ಚೌಕದ ನಕ್ಷೆಯನ್ನೇ ಬಣ್ಣದ ಗಾಜಿನಲ್ಲಿ ಮಾಡಿ ಕಿಟಕಿಗೆ ಕೂರಿಸಿದ್ದರು. ಯೂಜೆನಿಕ್ಸ್ ಕಾರಣಕ್ಕೆ 2020ರಲ್ಲಿ ಅದನ್ನು ತೆಗೆದರು.